ಕುಷ್ಠರೋಗಿಗಳ ಬಂಧು ಡೇಮಿಯನ್ನರ ಚರಿತ್ರೆ

ಮಾನವನಿಗೆ ಬರುವ ರೋಗಗಳು ಅನೇಕವುಂಟು. ಅವುಗಳಲ್ಲಿ ಶರೀರವನ್ನು ಮಾತ್ರ ಬಾಧಿಸುವವು ಕೆಲವು. ಶರೀರದ ಜೊತೆಗೆ ಮನೆ, ಬಂಧುಬಳಗ, ಊರು, ಹೆಸರು ಇವೆಲ್ಲವನ್ನೂ ಕಸಿದುಕೊಳ್ಳುವವು ಕೆಲವು. ಈ ಎರಡನೆಯ ಬಗೆಯ ರೋಗಗಳಲ್ಲಿ ಕುಷ್ಠವು ಮೊದಲನೆಯದು. ಜ್ವರ ಬಂದವನ ತಲೆಯ ಬಳಿಯಲ್ಲಿ ತಾಯಿಯು ಕುಳಿತುಕೊಳ್ಳುವಳು. ಕುಷ್ಠ ಬಂದವನಿಂದ ತಾಯಿಯೇ ದೂರ ಸರಿಯುವ ಪ್ರಸಂಗವು ಲೋಕದಲ್ಲಿ ಎಷ್ಟೋ ಸಾರೆ ಬಂದಿದೆ. ಆದುದರಿಂದ ಕುಷ್ಠರೋಗಿಗೆ ಬೇಕಾದದ್ದು ಔಷಧವೊಂದೇ ಅಲ್ಲ. ಅವನ ಪಕ್ಕದಲ್ಲಿ ಕುಳಿತು ಅವನನ್ನು ಮನುಷ್ಯನೆಂದು ಕಾಣುವ ಇನ್ನೊಬ್ಬ ಮನುಷ್ಯನು ಬೇಕು. ಔಷಧವು ಇನ್ನೂ ಗೊತ್ತಾಗದಿದ್ದ ಕಾಲದಲ್ಲಿ, ಜನರು ಹೆಸರೆತ್ತಲು ಅಂಜುತ್ತಿದ್ದ ಸ್ಥಳಕ್ಕೆ ಹೋಗಿ, ಹದಿನಾರು ವರುಷ ಅಂಥ ರೋಗಿಗಳ ನಡುವೆ ಬಾಳಿ, ಕೊನೆಗೆ ಅವರ ರೋಗವನ್ನೇ ತಮ್ಮ ಮೈಮೇಲೆ ಹೊತ್ತು ಅವರ ನಡುವೆಯೇ ಮಣ್ಣಾದ ಡೇಮಿಯನ್ನರ ಚರಿತ್ರೆಯು ಸೇವಾವ್ರತಿಗಳೆಲ್ಲರೂ ತಿಳಿಯತಕ್ಕದ್ದಾಗಿದೆ.

ಯುರೋಪ ಖಂಡದ ಬೆಲ್ಜಿಯಂ ದೇಶದಲ್ಲಿ ಟ್ರೆಮೆಲೊ ಎಂಬುದೊಂದು ಚಿಕ್ಕ ಹಳ್ಳಿ. ಅಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದ ಡಿ ವೊಯ್ಸ್ಟರ್ ಎಂಬ ಒಕ್ಕಲು ಮನೆತನದಲ್ಲಿ, ಕ್ರಿ. ಶ. 1840ನೆಯ ಇಸವಿಯ ಜನವರಿ 3ರಂದು ಏಳನೆಯ ಮಗುವಾಗಿ ಜೋಸೆಫನು ಹುಟ್ಟಿದನು. ಹುಡುಗನು ಮೈಕಟ್ಟಿನಲ್ಲಿ ಗಟ್ಟಿಮುಟ್ಟು, ಕೈಕೆಲಸದಲ್ಲಿ ಚುರುಕು. ಹೊಲಮನೆಯ ದುಡಿತವೂ ಬಡಿಗತನದ ಹತ್ಯಾರಗಳೂ ಅವನಿಗೆ ಚಿಕ್ಕಂದಿನಿಂದಲೇ ಪರಿಚಿತವಾದವು. ಮುಂದೆ ವ್ಯಾಪಾರವನ್ನು ಇವನೇ ನೋಡಿಕೊಳ್ಳಲಿ ಎಂದು ತಂದೆಯು ಅವನನ್ನು ಫ್ರೆಂಚ್ ಭಾಷೆ ಕಲಿಯಲು ಬೇರೆ ಊರಿಗೆ ಕಳಿಸಿದನು. ಆದರೆ ಹುಡುಗನ ಮನಸ್ಸು ತಕ್ಕಡಿಯಲ್ಲಿ ನಿಲ್ಲಲಿಲ್ಲ. ಅವನ ಅಣ್ಣನು ಆಗಲೇ ಲೂವೆನ್ ಪಟ್ಟಣದ ಕ್ರೈಸ್ತ ಸನ್ಯಾಸಿಗಳ ಮಠವೊಂದನ್ನು ಸೇರಿ ಪ್ಯಾಂಫಿಲ್ ಎಂಬ ಹೆಸರು ಹೊಂದಿದ್ದನು. 1859ರಲ್ಲಿ ಜೋಸೆಫನೂ ಅದೇ ಮಠದ ಬಾಗಿಲನ್ನು ತಟ್ಟಿದನು. ಅಲ್ಲಿ ಅವನಿಗೆ ಡೇಮಿಯನ್ ಎಂದು ಹೆಸರಿಟ್ಟರು. ಹಿಂದಿನ ಕಾಲದಲ್ಲಿ ಹಣ ಮುಟ್ಟದೆ ಔಷಧೋಪಚಾರ ಮಾಡುತ್ತಿದ್ದನೆಂದು ಪ್ರಸಿದ್ಧನಾದ ಒಬ್ಬ ಸಾಧುವಿನ ಹೆಸರದು. ಇಟ್ಟವರಿಗೆ ಮುಂದಿನದು ತಿಳಿದಿರಲಿಲ್ಲವಾದರೂ ಹೆಸರು ಅನ್ವರ್ಥವಾಯಿತು.

ಮೊದಲಿಗೆ ಗುರುಗಳು ಈ ಹೊಸ ಶಿಷ್ಯನಲ್ಲಿ ದೊಡ್ಡ ಯೋಗ್ಯತೆಯನ್ನೇನೂ ಕಾಣಲಿಲ್ಲ. ಶಾಲೆಯ ಓದು ಸಾಲದು, ಪಾದ್ರಿಯ ದೀಕ್ಷೆಗೆ ಇವನು ತಕ್ಕವನಲ್ಲ, ಮಠದ ಕೈಕೆಲಸಕ್ಕೆ ಇರಲಿ ಎಂದು ನಿಶ್ಚಯಿಸಿದರು. ಡೇಮಿಯನ್ನರು ಬೇಸರಪಡದೆ ಅಣ್ಣನಿಂದ ಲ್ಯಾಟಿನ್ ಭಾಷೆಯನ್ನು ಕಲಿತರು. ಅವರ ಪಟ್ಟು ನೋಡಿ ಗುರುಗಳು ಮನಸ್ಸು ಬದಲಿಸಿದರು. 1860ರ ಅಕ್ಟೋಬರ 7ರಂದು ಪ್ಯಾರಿಸ್ ಪಟ್ಟಣದಲ್ಲಿ ಅವರು ಸನ್ಯಾಸವ್ರತವನ್ನು ಸ್ವೀಕರಿಸಿದರು. ಮೂರು ವರುಷಗಳ ತರುವಾಯ ಅಣ್ಣ ಪ್ಯಾಂಫಿಲರನ್ನು ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಕಳಿಸುವದೆಂದು ಗೊತ್ತಾಯಿತು. ಆದರೆ ಹೊರಡುವ ಮುನ್ನ ಅವರು ಹಾಸಿಗೆ ಹಿಡಿದರು. ಅಣ್ಣನ ಬದಲಿಗೆ ತಾನು ಹೋಗುವೆನೆಂದು ತಮ್ಮನು ಹಿರಿಯರಿಗೆ ನೇರವಾಗಿ ಬಿನ್ನವಿಸಿಕೊಂಡನು, ಅಪ್ಪಣೆಯೂ ದೊರೆಯಿತು. ತಾಯಿತಂದೆಗಳನ್ನು ಬೀಳ್ಕೊಂಡು ಹಡಗು ಹತ್ತಿದ ಆ ತರುಣನು ಅವರ ಮುಖವನ್ನು ಮತ್ತೆ ಕಾಣಲಿಲ್ಲ.

1864ನೆಯ ಇಸವಿಯ ಮಾರ್ಚ 19ರಂದು ಹಡಗು ಹೊನೊಲುಲು ಬಂದರಕ್ಕೆ ಮುಟ್ಟಿತು. ಮೇ ತಿಂಗಳ 21ರಂದು ಅಲ್ಲಿಯೇ ಅವರಿಗೆ ಪಾದ್ರಿಯ ದೀಕ್ಷೆಯಾಯಿತು. ಅಂದು ಹವಾಯಿಯು ತನ್ನದೇ ಅರಸರಿದ್ದ ಸ್ವತಂತ್ರ ರಾಜ್ಯವಾಗಿತ್ತು. ಡೇಮಿಯನ್ನರು ದೊಡ್ಡ ದ್ವೀಪವಾದ ಹವಾಯಿಯಲ್ಲಿಯೇ ಸುಮಾರು ಒಂಬತ್ತು ವರುಷ ಊರೂರು ತಿರುಗಿದರು. ಜನರ ಭಾಷೆಯನ್ನು ಕಲಿತರು. ಅವರ ಊಟವನ್ನೇ ಉಂಡರು. ಪ್ರಾರ್ಥನಾಮಂದಿರ ಬೇಕಾದಲ್ಲಿ ತಾವೇ ತೊಲೆ ಹೊತ್ತು, ಗರಗಸ ಹಿಡಿದು ಕಟ್ಟಿದರು. ತಂದೆಯ ಮನೆಯಲ್ಲಿ ಕಲಿತ ಕೈಕೆಲಸವು ವ್ಯರ್ಥವಾಗಲಿಲ್ಲ. ಮುಂದೆ ಅದೇ ಅವರ ದೊಡ್ಡ ಆಸ್ತಿಯಾಗುವದಿತ್ತು.

ಇತ್ತ ಆ ದ್ವೀಪಗಳಲ್ಲಿ ಕುಷ್ಠವು ಹಬ್ಬತೊಡಗಿತ್ತು. ಹೊರಗಿನ ಜನರ ಸಂಪರ್ಕದಿಂದ ಬಂದ ಹೊಸ ಹೊಸ ರೋಗಗಳಿಂದ ಅಲ್ಲಿನ ಮೂಲನಿವಾಸಿಗಳು ಮೊದಲೇ ಗುಂಪುಗುಂಪಾಗಿ ಸಾಯುತ್ತಿದ್ದರು. ಅದರ ಮೇಲೆ ಇದು. ಅಂಜಿದ ಸರಕಾರವು 1865ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಕುಷ್ಠವಿದ್ದವರನ್ನು ಹಿಡಿದು ಬೇರೆ ಇಡತಕ್ಕದ್ದೆಂದು ಗೊತ್ತುಪಡಿಸಿತು. ಅದಕ್ಕಾಗಿ ಆರಿಸಿದ ಸ್ಥಳವು ಮೊಲೊಕೈ ದ್ವೀಪದ ಉತ್ತರ ದಂಡೆಯಲ್ಲಿ ಚಾಚಿಕೊಂಡಿರುವ ಕಲಾವುಪಾಪ ಎಂಬ ಭೂಭಾಗ. ಮೂರು ಕಡೆಗೆ ಅಬ್ಬರಿಸುವ ಸಮುದ್ರ. ನಾಲ್ಕನೆಯ ಕಡೆಗೆ ಸಾವಿರಾರು ಅಡಿ ಎತ್ತರದ ಕಡಿದಾದ ಬೆಟ್ಟ. ಸೃಷ್ಟಿಯೇ ಕಟ್ಟಿದ ಸೆರೆಮನೆ ಅದು. 1866ರ ಜನವರಿ 6ರಂದು ಮೊದಲನೆಯ ಹನ್ನೆರಡು ಜನ ರೋಗಿಗಳನ್ನು ಅಲ್ಲಿನ ಕಲವಾವೊ ಎಂಬಲ್ಲಿ ಇಳಿಸಿದರು. ಗಂಡನನ್ನು ಹೆಂಡತಿಯಿಂದ, ಮಕ್ಕಳನ್ನು ತಾಯಿಯಿಂದ ಅಗಲಿಸಿ ಒಯ್ಯುತ್ತಿದ್ದುದರಿಂದ ಆ ಜನರು ಕುಷ್ಠಕ್ಕೆ ಬೇರ್ಪಡಿಸುವ ರೋಗ ಎಂಬ ಹೆಸರನ್ನೇ ಕೊಟ್ಟರು. ರೋಗಕ್ಕಿಂತ ಅಗಲಿಕೆಯೇ ಅವರಿಗೆ ಹೆಚ್ಚು ಘೋರವಾಗಿ ಕಂಡಿತೆಂಬುದಕ್ಕೆ ಈ ಹೆಸರೇ ಸಾಕ್ಷಿ.

ರೋಗಿಗಳು ಅಲ್ಲಿ ತಾವೇ ಬೆಳೆ ಬೆಳೆದುಕೊಂಡು ಬಾಳಬೇಕೆಂಬುದು ಅಧಿಕಾರಿಗಳ ಎಣಿಕೆ. ಬೆರಳು ಉದುರಿದವರು, ಕಣ್ಣು ಹೋದವರು, ನಡೆಯಲಾರದವರು ಒಕ್ಕಲುತನ ಮಾಡುವದೆಂತು? ಮನೆಗಳು ಸಾಲದಾದವು, ನೀರು ದೂರವಾಯಿತು, ವೈದ್ಯನು ನೆಲಸಲಿಲ್ಲ. ಆದರೂ ಆ ಜನರು ಕೇವಲ ದಿಕ್ಕೆಟ್ಟು ಬಿದ್ದಿದ್ದರೆಂದು ತಿಳಿಯುವದು ಸರಿಯಲ್ಲ. ಬಂದ ವರುಷವೇ ಮೂವತ್ತೈದು ಜನ ರೋಗಿಗಳು ಕೂಡಿ ಸಿಲೋಮ ಎಂಬ ಪ್ರಾರ್ಥನಾಸಭೆಯೊಂದನ್ನು ಸ್ಥಾಪಿಸಿಕೊಂಡರು. ಮುಂದೆ ಅದಕ್ಕೊಂದು ಮಂದಿರವೂ ಆಯಿತು. ಅಲ್ಲದೆ ತಮಗೆ ರೋಗವಿಲ್ಲದಿದ್ದರೂ ಗಂಡನ ಸಂಗಡ ಹೆಂಡತಿ, ಹೆಂಡತಿಯ ಸಂಗಡ ಗಂಡ, ಮಗನ ಸಂಗಡ ತಾಯಿ ಹೀಗೆ ಆರೈಕೆಗಾಗಿ ಬಂದು ನಿಂತವರು ಎಷ್ಟೋ ಜನ. ಅಂಥವರನ್ನು ಹವಾಯಿಯ ಭಾಷೆಯಲ್ಲಿ ಕೊಕುವಾ, ಅಂದರೆ ನೆರವಾಗುವವರು ಎಂದು ಕರೆಯುತ್ತಿದ್ದರು. ಜೊನಾಥನ್ ನಪೇಲ ಎಂಬ ಹಿರಿಯನು ರೋಗಿಯಾದ ತನ್ನ ಹೆಂಡತಿಯನ್ನು ಬಿಡಲಾರದೆ ಹೀಗೆ ಬಂದವನು. ಅವನ ಪಂಥ ಬೇರೆ, ಡೇಮಿಯನ್ನರ ಪಂಥ ಬೇರೆ. ಆದರೂ ಇಬ್ಬರಲ್ಲಿ ಸ್ನೇಹ ಬೆಳೆಯಿತು. ನಪೇಲನೂ ಕೊನೆಗೆ ರೋಗಕ್ಕೆ ತುತ್ತಾಗಿ 1879ರಲ್ಲಿ ಅಲ್ಲಿಯೇ ತೀರಿಕೊಂಡನು. ತ್ಯಾಗವೆಂಬುದು ಡೇಮಿಯನ್ನರೊಬ್ಬರಿಂದಲೇ ಅಲ್ಲಿಗೆ ಬಂದದ್ದಲ್ಲ. ಹೆಸರಿಲ್ಲದ ಅನೇಕ ತಾಯಂದಿರೂ ಮಡದಿಯರೂ ಅದನ್ನು ಮೊದಲೇ ಅಲ್ಲಿಗೆ ತಂದಿದ್ದರು. ಆದರೆ ಅವರಿಗೆ ಆಸರೆಯಾಗಿ ನಿಲ್ಲುವವರು ಬೇಕಾಗಿದ್ದರು.

1873ನೆಯ ಇಸವಿಯ ಮೇ ತಿಂಗಳಲ್ಲಿ ಮಾವುಯಿ ದ್ವೀಪದ ವೈಲುಕು ಎಂಬಲ್ಲಿ ಹೊಸ ಮಂದಿರವೊಂದರ ಉತ್ಸವಕ್ಕಾಗಿ ಪಾದ್ರಿಗಳು ಕೂಡಿದ್ದರು. ಅಲ್ಲಿ ಬಿಷಪ್ ಮೈಗ್ರೆಯವರು ಕಲವಾವೊದ ರೋಗಿಗಳ ಮಾತನ್ನು ತೆಗೆದರು. ಅಲ್ಲಿಗೆ ಹೋಗೆಂದು ಯಾರಿಗೂ ಆಜ್ಞೆ ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ನಾಲ್ವರು ತರುಣ ಪಾದ್ರಿಗಳು ತಾವಾಗಿ ಎದ್ದು ನಿಂತರು. ಸರದಿಯ ಮೇಲೆ ಕೆಲವು ಕೆಲವು ವಾರ ಇದ್ದು ಬರುವದೆಂದು ಗೊತ್ತಾಯಿತು. ಮೊದಲನೆಯ ಸರದಿಯು ಡೇಮಿಯನ್ನರದು. ಮೇ 10ರಂದು ಅವರು ಬಿಷಪ್ಪರೊಡನೆ ಮೊಲೊಕೈಗೆ ಬಂದಿಳಿದರು. ಆಗ ಅವರಿಗೆ 33 ವರುಷ. ಬಿಷಪ್ಪರು ಮರಳಿ ಹೋದರು, ಡೇಮಿಯನ್ನರು ಉಳಿದರು. ಮಲಗಲು ಮನೆಯಿರಲಿಲ್ಲ. ಮಂದಿರದ ಪಕ್ಕದಲ್ಲಿದ್ದ ಕೇದಗೆಯ ಜಾತಿಯ ಒಂದು ಮರದ ಕೆಳಗೆ ಮೊದಲಿನ ರಾತ್ರಿಗಳನ್ನು ಕಳೆದರು. ಕೆಲವೇ ದಿವಸಗಳಲ್ಲಿ ಅವರು ತಮ್ಮ ಹಿರಿಯರಿಗೆ ಕಾಗದ ಬರೆದು, ಸರದಿಯ ಮಾತು ಬೇಡ, ತಾನು ಇಲ್ಲಿಯೇ ನಿಲ್ಲುವೆನೆಂದು ಕೇಳಿಕೊಂಡರು. ವಾರಗಳಿಗೆಂದು ಹೋದವರು ಹದಿನಾರು ವರುಷ ನಿಂತರು.

ಸೇವೆಗೆ ನಿಂತವನಿಗೂ ಮೈಯುಂಟು, ಮೂಗುಂಟು, ಅಂಜಿಕೆಯುಂಟು. ಕೊಳೆತ ಹುಣ್ಣುಗಳ ದುರ್ಗಂಧವನ್ನು ತಾಳಲಾರದೆ ಡೇಮಿಯನ್ನರು ಮೊದಮೊದಲು ಎದ್ದು ಹೊರಗೆ ಗಾಳಿಗೆ ಬರುತ್ತಿದ್ದರು; ಆ ವಾಸನೆಯನ್ನು ಮರೆಯಲು ಚಿಲುಮೆ ಸೇದುವದನ್ನು ರೂಢಿಸಿಕೊಂಡರು. ರೋಗಿಗಳನ್ನು ಮುಟ್ಟಕೂಡದೆಂದು ಹಿರಿಯರ ಎಚ್ಚರಿಕೆಯಿತ್ತು. ಆದರೆ ಮುಟ್ಟದೆ ಹುಣ್ಣು ತೊಳೆಯುವದು ಹೇಗೆ? ದೂರ ನಿಂತು ಕೈ ಚಾಚುವವನನ್ನು ರೋಗಿಯು ನಂಬುವದು ಹೇಗೆ? ಡೇಮಿಯನ್ನರು ತಮ್ಮ ದಾರಿಯನ್ನು ಆರಿಸಿಕೊಂಡರು. ಹುಣ್ಣುಗಳನ್ನು ತಾವೇ ತೊಳೆದು ಬಟ್ಟೆ ಕಟ್ಟಿದರು. ಕೆಸವಿನ ಗಡ್ಡೆಯನ್ನು ಬೇಯಿಸಿ ಜಜ್ಜಿ ಮಾಡಿದ ಆ ದೇಶದ ಊಟವನ್ನು ರೋಗಿಗಳ ಬಟ್ಟಲಿನಲ್ಲಿಯೇ ಕೈಯಿಟ್ಟು ಉಂಡರು. ತಮ್ಮ ಚಿಲುಮೆಯನ್ನು ಕೇಳಿದವರಿಗೆ ಕೊಟ್ಟರು. ಅವರು ತಮಗಿನ್ನೂ ರೋಗವಿಲ್ಲದಾಗಲೇ ಕುಷ್ಠರೋಗಿಗಳಾದ ನಾವು ಎಂಬ ಅರ್ಥದ ಮಾತನ್ನು ಬಳಸುತ್ತಿದ್ದರು. ಇದರಲ್ಲಿ ಎಚ್ಚರಗೇಡಿತನವಿತ್ತೆಂದು ವೈದ್ಯರು ಹೇಳಬಹುದು. ಅದು ಸುಳ್ಳೂ ಅಲ್ಲ. ಆದರೆ ಎಲ್ಲರೂ ದೂರ ಸರಿದ ಕಾಲದಲ್ಲಿ ಒಬ್ಬನು ಹತ್ತಿರ ಬಂದನೆಂಬ ಸಂಗತಿಯೇ ಅಲ್ಲಿಯ ಜನರಿಗೆ ಮೊದಲನೆಯ ಔಷಧವಾಯಿತು.

ಎರಡನೆಯ ಔಷಧವು ಕಾಯಕ. ಡೇಮಿಯನ್ನರು ಅನುಕಂಪದ ಮಾತುಗಳಲ್ಲಿ ಕಾಲ ಕಳೆಯಲಿಲ್ಲ. ಹತ್ಯಾರಗಳನ್ನು ಕೈಗೆ ತೆಗೆದುಕೊಂಡರು. ದೂರದ ಕಣಿವೆಯಿಂದ ಕೊಡ ಹೊತ್ತು ನೀರು ತರುವದು ಮೈಯಲ್ಲಿ ಶಕ್ತಿಯಿಲ್ಲದ ರೋಗಿಗಳಿಗೆ ಯಮಯಾತನೆಯಾಗಿತ್ತು. ನೀರಿಲ್ಲದೆ ಹುಣ್ಣು ತೊಳೆಯುವದೂ ಬಟ್ಟೆ ಒಗೆಯುವದೂ ಕೂಡುತ್ತಿರಲಿಲ್ಲ. ಸರಕಾರದಿಂದ ಕೊಳವೆಗಳು ಬಂದೊಡನೆ ಡೇಮಿಯನ್ನರು ಕೈಕಾಲು ಗಟ್ಟಿಯಿದ್ದ ರೋಗಿಗಳನ್ನು ಕೂಡಿಸಿಕೊಂಡು, ಅವನ್ನು ಹಾಸಿ, ಬೆಟ್ಟದ ನೀರನ್ನು ಮನೆಗಳ ಬಳಿಗೆ ಹರಿಸಿದರು. 1874ರಲ್ಲಿ ಬೀಸಿದ ಬಿರುಗಾಳಿಯು ಹುಲ್ಲುಗರಿಗಳ ಗುಡಿಸಲುಗಳನ್ನು ಕಿತ್ತೊಗೆಯಿತು. ರೋಗಿಗಳು ಮಳೆಯಲ್ಲಿ ನೆನೆದು ನೆಲದ ಮೇಲೆ ಬಿದ್ದುಕೊಂಡರು. ಡೇಮಿಯನ್ನರು ಅಧಿಕಾರಿಗಳ ಬೆನ್ನು ಹತ್ತಿ ಕಟ್ಟಿಗೆಗಳನ್ನು ತರಿಸಿ, ನೆಲದಿಂದ ಮೇಲಕ್ಕೆತ್ತಿದ ಹಲಗೆಯ ಮನೆಗಳನ್ನು ಕಟ್ಟತೊಡಗಿದರು. ಬೆರಳಿದ್ದವರು ಮೊಳೆ ಹೊಡೆದರು. ಬೆರಳಿಲ್ಲದವರು ಹಲಗೆ ಹಿಡಿದುಕೊಂಡರು. ಹೀಗೆ ಎದ್ದ ಮನೆಗಳಿಗೆ ಸುಣ್ಣ ಬಳಿದರು. ಸುತ್ತಲೂ ಹೂವಿನ ಗಿಡ, ಗೆಣಸಿನ ಬಳ್ಳಿ ಹಬ್ಬಿದವು. ಬೇರೆಯವರು ಕಟ್ಟಿಕೊಟ್ಟ ಮನೆಯಲ್ಲಿ ಇರುವದಕ್ಕೂ ತನ್ನ ಕೈಯಿಂದ ಎತ್ತಿದ ಮನೆಯಲ್ಲಿ ಇರುವದಕ್ಕೂ ಎಷ್ಟು ಅಂತರವೆಂಬುದು ದುಡಿದವನಿಗೇ ಗೊತ್ತು. ಭಿಕ್ಷೆಯು ಹೊಟ್ಟೆಯನ್ನು ತುಂಬುವದು, ಕಾಯಕವು ತಲೆಯನ್ನು ಎತ್ತಿಸುವದು.

ಸತ್ತವರ ವಿಷಯದಲ್ಲಿಯೂ ಇದೇ ಗೌರವ. ಅವರು ಬರುವ ಮೊದಲು ಎಷ್ಟೋ ಹೆಣಗಳು ಪೆಟ್ಟಿಗೆಯಿಲ್ಲದೆ, ಆಳವಿಲ್ಲದ ಕುಣಿಗಳಲ್ಲಿ ಬೀಳುತ್ತಿದ್ದವು. ಡೇಮಿಯನ್ನರು ತಮ್ಮ ಕೈಯಿಂದಲೇ ನೂರಾರು ಶವಪೆಟ್ಟಿಗೆಗಳನ್ನು ಮಾಡಿದರು, ಕುಣಿಗಳನ್ನು ತೋಡಿದರು, ಸ್ಮಶಾನಕ್ಕೆ ಬೇಲಿ ಹಾಕಿದರು. ರೋಗಿಗಳೇ ಸೇರಿ ಶವಸಂಸ್ಕಾರಕ್ಕೊಂದು ಸಂಘವನ್ನು ಮಾಡಿಕೊಂಡರು. ವಾದ್ಯ ಬಾರಿಸುತ್ತ ಮೆರವಣಿಗೆಯಿಂದ ಸತ್ತವನನ್ನು ಒಯ್ಯುವ ವಾಡಿಕೆಯಾಯಿತು. ಬದುಕಿದ್ದಾಗ ಊರಿಂದ ಹೊರಗೆ ಹಾಕಿಸಿಕೊಂಡವನಿಗೆ ಸತ್ತಾಗಲಾದರೂ ಒಂದು ಊರು ದೊರೆಯಿತು.

ತಾಯಿತಂದೆಗಳಿಲ್ಲದ ಮಕ್ಕಳಿಗಾಗಿ, ಹುಡುಗರಿಗೊಂದು ಹುಡುಗಿಯರಿಗೊಂದು ಬೇರೆ ಬೇರೆ ವಸತಿಗಳಾದವು. ಅಲ್ಲಿ ಓದು, ಹೊಲಿಗೆ, ಅಡಿಗೆ, ಒಕ್ಕಲುತನ ಕಲಿಸಲಾಯಿತು. ಹವಾಯಿಯ ಜನರಿಗೆ ಸಂಗೀತವೆಂದರೆ ಪ್ರಾಣ. ವಾದ್ಯದ ಮೇಳ ಕಟ್ಟಿದರು, ಮಂದಿರದಲ್ಲಿ ಹಾಡುವವರ ಗುಂಪಾಯಿತು; ಅವರಲ್ಲಿ ಒಬ್ಬನಿಗೆ ಬೆರಳು ಸಾಲದಿದ್ದರೆ ಇನ್ನೊಬ್ಬನು ಪಕ್ಕದಲ್ಲಿ ಕುಳಿತು ಬಾರಿಸುವನು. ವಸತಿಯ ಆಡಳಿತದಲ್ಲಿಯೂ ರೋಗಿಗಳೇ ಮುಂದೆ ಬಂದರು. ವಕೀಲನಾಗಿದ್ದು ರೋಗ ತಿಳಿದೊಡನೆ ಕಲವಾವೊಗೆ ಬಂದ ವಿಲಿಯಂ ರಾಗ್ಸ್‌ಡೇಲನು ಕೆಲವು ವರುಷ ಅಲ್ಲಿಯ ಮುಖ್ಯಾಧಿಕಾರಿಯಾಗಿದ್ದನು. 1879ರಲ್ಲಿ ತರುಣ ರೋಗಿಯಾಗಿ ಬಂದ ಆಂಬ್ರೋಸ್ ಹಚಿಸನ್ನನು ಮುಂದೆ ಅದೇ ಅಧಿಕಾರವನ್ನು ಹೊತ್ತು, ತಾನು ಕಂಡದ್ದನ್ನು ಬರೆದಿಟ್ಟನು. ರೋಗವು ಚರ್ಮವನ್ನೂ ನರವನ್ನೂ ಕೆಡಿಸಬಲ್ಲದು, ಬುದ್ಧಿಯನ್ನಲ್ಲ ಎಂಬುದಕ್ಕೆ ಇವರೇ ಪ್ರಮಾಣ.

ಡೇಮಿಯನ್ನರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವರಿಗೆ ಸಿಟ್ಟು ಬೇಗ ಬರುತ್ತಿತ್ತು. ಹಿಡಿದ ಹಟವನ್ನು ಬಿಡುತ್ತಿರಲಿಲ್ಲ. ಕಟ್ಟಿಗೆ, ಬಟ್ಟೆ, ಔಷಧ, ಆಹಾರ ಹೆಚ್ಚಿಗೆ ಬೇಕೆಂದು ಮೇಲಿಂದ ಮೇಲೆ ಕಾಡುತ್ತಿದ್ದುದರಿಂದ ಆರೋಗ್ಯಮಂಡಲದ ಅಧಿಕಾರಿಗಳಿಗೆ ಅವರು ಬೇಡಾದರು. ತಮ್ಮ ಸಂಘದ ಹಿರಿಯರೊಡನೆಯೂ ತಿಕ್ಕಾಟ ತಪ್ಪಲಿಲ್ಲ. ಜೊತೆಗೆ ಕಳಿಸಿದ ಪಾದ್ರಿಗಳೊಡನೆ ಹೊಂದಿಕೆಯಾಗದೆ ಒಂಟಿತನವನ್ನು ಅನುಭವಿಸಿದ ಕಾಲವೂ ಉಂಟು. ಬಂದ ಮೊದಲನೆಯ ವರುಷದಲ್ಲಿಯೇ ವಸತಿಯನ್ನು ಬಿಟ್ಟು ಹೊರಗೆ ಹೋಗಕೂಡದೆಂದು ಅವರ ಮೇಲೆಯೂ ಕಟ್ಟಳೆ ಬಿತ್ತು. ಆ ಕಾಲದಲ್ಲಿ ಒಮ್ಮೆ ಅವರ ಹಿರಿಯರು ಹಡಗಿನಲ್ಲಿ ಬಂದರೂ ದಂಡೆಗೆ ಇಳಿಯಲು ಅಪ್ಪಣೆ ದೊರೆಯಲಿಲ್ಲ. ತಮ್ಮ ಪಂಥದ ನಿಯಮದಂತೆ ಪಾಪನಿವೇದನೆಯನ್ನು ಮಾಡಿಕೊಳ್ಳಬೇಕಾಗಿದ್ದ ಡೇಮಿಯನ್ನರು ಚಿಕ್ಕ ದೋಣಿಯಲ್ಲಿ ಹಡಗಿನ ಮಗ್ಗುಲಿಗೆ ಹೋಗಿ, ಕೆಳಗಿನಿಂದಲೇ ಎಲ್ಲರೂ ಕೇಳುವಂತೆ ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿಕೊಂಡರು. ಏಕಾಂತದಲ್ಲಿ ಗುರುವಿನ ಕಿವಿಯಲ್ಲಿ ಹೇಳಬೇಕಾದುದನ್ನು ಸಮುದ್ರದ ನಡುವೆ ಸಾರಿ ಹೇಳುವಾಗ ಅವರ ಮನಸ್ಸು ಎಷ್ಟು ನೊಂದಿರಬೇಕು! ಆದರೂ ಅವರು ಹಿಂದಿರುಗುವ ಮಾತನ್ನು ಆಡಲಿಲ್ಲ. ರೋಗಿಗಳಿಗೆ ವಿಧಿಸಿದ ಸೆರೆಯನ್ನು ಅವರೂ ಅನುಭವಿಸಿದುದರಿಂದಲೇ ಅವರ ಸೇವೆಯು ಮೇಲಿನಿಂದ ಸುರಿದ ದಾನವಾಗದೆ ದಾಸೋಹವಾಯಿತು.

1881ನೆಯ ಇಸವಿಯ ಸೆಪ್ಟೆಂಬರದಲ್ಲಿ, ಅರಸನು ಪ್ರವಾಸದಲ್ಲಿದ್ದಾಗ ರಾಜ್ಯವನ್ನು ನೋಡಿಕೊಳ್ಳುತ್ತಿದ್ದ ರಾಜಪುತ್ರಿ ಲಿಲಿವುಒಕಲಾನಿಯವರು ವಸತಿಗೆ ದಯಮಾಡಿಸಿದರು. ತನ್ನ ಪ್ರಜೆಗಳು ಆ ಸ್ಥಿತಿಯಲ್ಲಿ ನಿಂತು ಸ್ವಾಗತದ ಹಾಡು ಹಾಡಿದುದನ್ನು ಕಂಡು ಅವರಿಗೆ ಕಂಠ ಬಿಗಿದು, ಮಾತೇ ಹೊರಡಲಿಲ್ಲವೆಂದು ಹೇಳುವರು. ಮರಳಿದ ಮೇಲೆ ಅವರು ಡೇಮಿಯನ್ನರಿಗೆ ರಾಜ್ಯದ ಬಿರುದಿನ ಪದಕವನ್ನು ಕಳಿಸಿದರು. ಡೇಮಿಯನ್ನರಿಗೆ ಪದಕವನ್ನು ಧರಿಸುವ ಹವ್ಯಾಸವೇನೂ ಇರಲಿಲ್ಲ. ಆದರೆ ಆ ಭೇಟಿಯಿಂದ ವಸತಿಯ ಸುದ್ದಿಯು ದೇಶಾಂತರಗಳಿಗೆ ಹಬ್ಬಿ, ನೆರವು ಬರತೊಡಗಿತು. ಇಂಗ್ಲಂಡದಲ್ಲಿ ಬೇರೆ ಪಂಥದ ಪಾದ್ರಿಯಾಗಿದ್ದ ಹ್ಯೂ ಚಾಪ್‌ಮನ್ನರು ಪಂಥಭೇದವನ್ನೆಣಿಸದೆ ಸುಮಾರು ಒಂದು ಸಾವಿರ ಪೌಂಡು ಕೂಡಿಸಿ ಕಳಿಸಿದರು.

1884ನೆಯ ಇಸವಿಯ ಡಿಸೆಂಬರ ತಿಂಗಳು. ದಣಿದು ಬಂದ ಡೇಮಿಯನ್ನರು ಕಾಲು ತೊಳೆದುಕೊಳ್ಳಲು ನೀರಲ್ಲಿ ಪಾದವನ್ನಿಟ್ಟರು. ನೀರು ಕುದಿಯುವಷ್ಟು ಬಿಸಿಯಿತ್ತು, ಚರ್ಮ ಬೊಬ್ಬೆಯೆದ್ದಿತು, ಆದರೆ ಅವರಿಗೆ ನೋವಾಗಲಿಲ್ಲ. ಕುಷ್ಠದಲ್ಲಿ ನರಗಳು ಸತ್ತು ಸ್ಪರ್ಶಜ್ಞಾನವು ಹೋಗುವದೆಂಬುದನ್ನು ಅವರು ಹನ್ನೊಂದು ವರುಷ ಕಣ್ಣಾರೆ ಕಂಡಿದ್ದರು. ಆದುದರಿಂದ ಯಾರೂ ಹೇಳಬೇಕಾಗಲಿಲ್ಲ. ವೈದ್ಯ ಆರ್ನಿಂಗರು ಪರೀಕ್ಷಿಸಿ ರೋಗವನ್ನು ನಿಶ್ಚಯಿಸಿದರು. ಇದುವರೆಗೆ ಮನಸ್ಸಿನಿಂದ ರೋಗಿಗಳಲ್ಲೊಬ್ಬರಾಗಿದ್ದವರು ಈಗ ಮೈಯಿಂದಲೂ ಆದರು. 1886ರಲ್ಲಿ ದೂರದ ಊರಲ್ಲಿ ಅವರ ವೃದ್ಧ ತಾಯಿಯು ತೀರಿಕೊಂಡಳು. ಅದೇ ವರುಷ ಅವರು ಹೊನೊಲುಲುವಿಗೆ ಹೋಗಿ, ಜಪಾನದ ವೈದ್ಯ ಗೊಟೊ ಅವರ ಸ್ನಾನಚಿಕಿತ್ಸೆಯನ್ನು ಕೆಲವು ದಿವಸ ಪಡೆದರು. ತುಸು ಹಗುರವೆನಿಸಿದೊಡನೆ ಅವರ ಮನಸ್ಸು ತನ್ನವರ ಕಡೆಗೇ ಹರಿಯಿತು; ಅಂಥ ಸ್ನಾನದ ಏರ್ಪಾಡು ಕಲವಾವೊದಲ್ಲಿಯೂ ಆಗಬೇಕೆಂದು ಹಟ ಹಿಡಿದರು.

ಕೊನೆಯ ವರುಷಗಳಲ್ಲಿ ಅವರಿಗೆ ಹೆಗಲು ಕೊಡುವವರು ಬಂದರು. ಅಮೇರಿಕದ ಒಳಯುದ್ಧದಲ್ಲಿ ದುಡಿದಿದ್ದ ಜೋಸೆಫ್ ಡಟನ್ನರು 1886ರ ಜುಲೈಯಲ್ಲಿ ಬಂದು, 1931ರಲ್ಲಿ ತೀರಿಕೊಳ್ಳುವ ತನಕ ರೋಗಿಗಳ ಸೇವೆಯನ್ನು ಬಿಡಲಿಲ್ಲ. 1888ರಲ್ಲಿ ಕೊನ್ರಾರ್ಡಿ ಪಾದ್ರಿಗಳು ಬಂದರು. ಅದೇ ವರುಷದ ನವೆಂಬರದಲ್ಲಿ ಮಾತೆ ಮರಿಯಾನ್ನೆಯವರು ಇಬ್ಬರು ಸನ್ಯಾಸಿನಿಯರೊಡನೆ ಬಂದು ಹೆಣ್ಣುಮಕ್ಕಳ ಭಾರವನ್ನು ಹೊತ್ತರು. 1918ರ ವರೆಗೆ ಅಲ್ಲಿಯೇ ಬಾಳಿದ ಆ ತಾಯಿಗೆ ರೋಗವು ಅಂಟಲಿಲ್ಲ. 1888ರ ಡಿಸೆಂಬರದಲ್ಲಿ ಇಂಗ್ಲಂಡದ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡರು ಬಂದರು. ನಮ್ಮ ದೇಶದಲ್ಲಿ ಸಂಚರಿಸಿದಾಗ ಅಂಡಮಾನದ ಗರ್ಜನ ಮರದ ಎಣ್ಣೆಯಿಂದ ಕುಷ್ಠಕ್ಕೆ ಉಪಶಮನವಾಗುವದೆಂದು ಕೇಳಿದ್ದ ಅವರು ಆ ಎಣ್ಣೆಯನ್ನು ಡೇಮಿಯನ್ನರಿಗಾಗಿ ಒಯ್ದಿದ್ದರು. ಅದು ರೋಗವನ್ನು ನಿರ್ಮೂಲ ಮಾಡುವಂಥದಾಗಿರಲಿಲ್ಲ. ಮುಖ ಉಬ್ಬಿ, ಕಿವಿ ದಪ್ಪವಾಗಿ, ಧ್ವನಿ ಕುಗ್ಗಿದ್ದರೂ ಡೇಮಿಯನ್ನರು ಆಗ ಮಂದಿರದ ಮಾಡಿನ ಮೇಲೆ ಏರಿ ಕಟ್ಟಡದ ಕೆಲಸವನ್ನು ನಡೆಸಿದ್ದರು.

1889ನೆಯ ಇಸವಿಯ ಮಾರ್ಚ ತಿಂಗಳ ಕೊನೆಗೆ ಅವರು ಹಾಸಿಗೆ ಹಿಡಿದರು. ಏಪ್ರಿಲ 15ರಂದು, ತಮ್ಮ 49ನೆಯ ವಯಸ್ಸಿನಲ್ಲಿ ಶಾಂತರಾಗಿ ದೇಹವನ್ನಿಟ್ಟರು. ಬಂದ ಮೊದಲ ರಾತ್ರಿಗಳಲ್ಲಿ ನೆರಳು ಕೊಟ್ಟ ಅದೇ ಮರದ ಬುಡದಲ್ಲಿ, ಅವರ ಇಚ್ಛೆಯಂತೆ, ರೋಗಿಗಳು ಅವರಿಗೆ ಸಮಾಧಿಯನ್ನು ಮಾಡಿದರು.

ಸತ್ತ ಮೇಲೆಯೂ ನಿಂದೆಯು ಬಿಡಲಿಲ್ಲ. ಹೊನೊಲುಲುವಿನ ಇನ್ನೊಂದು ಪಂಥದ ಪಾದ್ರಿ ಹೈಡ್ ಎಂಬವರು ಡೇಮಿಯನ್ನರು ಒರಟರು, ಕೊಳಕರು, ನಡತೆಯಲ್ಲಿ ಶುದ್ಧರಲ್ಲದವರು ಎಂಬರ್ಥದ ಕಾಗದವನ್ನು ಬರೆದರು, ಅದು ಅಚ್ಚಾಯಿತು. ಆಗ ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ನರು ಮುಂದೆ ಬಂದರು. ಅವರೂ ಡೇಮಿಯನ್ನರ ಪಂಥದವರಲ್ಲ. ಆದರೆ 1889ರ ಮೇ ತಿಂಗಳಲ್ಲಿ ವಸತಿಗೆ ಹೋಗಿ, ಡೇಮಿಯನ್ನರನ್ನು ಬಲ್ಲವರನ್ನು ವಿಚಾರಿಸಿದ್ದರು. 1890ರಲ್ಲಿ ಅವರು ಬರೆದ ಬಹಿರಂಗಪತ್ರದಲ್ಲಿ ಡೇಮಿಯನ್ನರ ಕುಂದುಗಳನ್ನು ಮುಚ್ಚಲಿಲ್ಲ. ಆದರೆ ಉಳಿದವರು ಸುಖದ ಮನೆಗಳಲ್ಲಿದ್ದಾಗ ಆ ಕೊಳೆಯಲ್ಲಿ ಇಳಿದವನು ಅವನೊಬ್ಬನೇ ಎಂಬುದನ್ನು ಲೋಕದ ಮುಂದೆ ಇಟ್ಟರು. ಕಾಲವು ತೀರ್ಪು ಕೊಟ್ಟಿತು. 1936ರಲ್ಲಿ ಅವರ ಅವಶೇಷಗಳನ್ನು ಬೆಲ್ಜಿಯಂ ದೇಶಕ್ಕೆ ರಾಜಮರ್ಯಾದೆಯಿಂದ ಒಯ್ದು ಲೂವೆನ್ನಿನಲ್ಲಿ ಇಟ್ಟರು. 1995ರಲ್ಲಿ ಅವರ ಬಲಗೈಯ ಅವಶೇಷವು ಕಲವಾವೊದ ಹಳೆಯ ಸಮಾಧಿಗೆ ಮರಳಿತು. ಹುಣ್ಣು ತೊಳೆದ, ಮನೆ ಕಟ್ಟಿದ ಕೈಯು ತನ್ನವರ ಬಳಿಗೆ ಬಂದಂತಾಯಿತು. 2009ರ ಅಕ್ಟೋಬರ 11ರಂದು ರೋಮಿನ ಪೋಪರು ಅವರನ್ನು ಸಂತರೆಂದು ಸಾರಿದರು.

ಅವರ ಮರಣದ ಸುದ್ದಿಯು ಭರತಖಂಡವನ್ನೂ ಮುಟ್ಟಿತು. ಅವರ ಸ್ಮಾರಕವಾಗಿ 1889ರಲ್ಲಿ ಇಂಗ್ಲಂಡದಲ್ಲಿ ಕೂಡಿಸಿದ ಕುಷ್ಠನಿಧಿಯ ವತಿಯಿಂದ 1890 ಮತ್ತು 1891ರಲ್ಲಿ ಒಂದು ಮಂಡಲಿಯು ನಮ್ಮ ದೇಶದಲ್ಲಿ ಸಂಚರಿಸಿ ರೋಗವನ್ನು ಪರಿಶೀಲಿಸಿತು. ಕುಷ್ಠವು ಅಷ್ಟು ಸುಲಭವಾಗಿ ಅಂಟುವ ರೋಗವಲ್ಲ, ಎಲ್ಲರನ್ನೂ ಬಲಾತ್ಕಾರದಿಂದ ಬೇರ್ಪಡಿಸುವ ಅವಶ್ಯಕತೆಯಿಲ್ಲ ಎಂಬ ಅಭಿಪ್ರಾಯಕ್ಕೆ ಆ ಮಂಡಲಿಯು ಬಂದಿತು. ಆದರೂ ಅಂಜಿಕೆಯೇ ಗೆದ್ದು, 1898ರಲ್ಲಿ ಬಡ ಕುಷ್ಠರೋಗಿಗಳನ್ನು ಹಿಡಿದಿಡುವ ಕಾಯಿದೆಯು ಹುಟ್ಟಿತು. ಅದು ಪೂರ್ಣವಾಗಿ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ನಿಯಮವು ಹೋದದ್ದು 2019ರಲ್ಲಿ. ಹವಾಯಿಯಲ್ಲಿಯೂ ಬೇರ್ಪಡಿಸುವ ಕಾಯಿದೆಯು 1969ರ ವರೆಗೆ ಬದುಕಿತ್ತು. ಅಷ್ಟರಲ್ಲಿ ಸುಮಾರು ಎಂಟು ಸಾವಿರ ಜನರು ಆ ದಂಡೆಗೆ ಇಳಿದಿದ್ದರು. ಕಾಯಿದೆ ಹೋದ ಮೇಲೆ ಅಲ್ಲಿಂದ ಹೊರಡಲು ಸ್ವತಂತ್ರರಾದ ಎಷ್ಟೋ ಜನರು ಹೊರಡದೆ ಅಲ್ಲಿಯೇ ಉಳಿದರು. ಸೆರೆಯು ಊರಾಗಿತ್ತು, ಅದನ್ನು ಊರನ್ನಾಗಿ ಮಾಡಿದವರು ಅವರೇ.

ಡೇಮಿಯನ್ನರು ಮೊಲೊಕೈಗೆ ಹೋದ 1873ರಲ್ಲಿಯೇ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ನರು ಕುಷ್ಠದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ಕುಷ್ಠವು ಪೂರ್ವಜನ್ಮದ ಪಾಪವೂ ಅಲ್ಲ, ಕುಲದ ಶಾಪವೂ ಅಲ್ಲ. ಬಹು ನಿಧಾನವಾಗಿ ಬೆಳೆಯುವ ಒಂದು ಜೀವಾಣುವಿನ ಕೆಲಸ ಎಂಬುದು ಅಂದಿನಿಂದ ಸಿದ್ಧವಾಯಿತು. ಬಹುಮಂದಿಯ ಶರೀರಕ್ಕೆ ಅದನ್ನು ತಡೆಯುವ ಶಕ್ತಿಯು ಸಹಜವಾಗಿಯೇ ಉಂಟು. 1940ರ ದಶಕದಲ್ಲಿ ಗಂಧಕದ ಅಂಶವುಳ್ಳ ಹೊಸ ಔಷಧಗಳು ಗುಣವನ್ನು ತೋರಿದವು. 1980ರ ದಶಕದಿಂದ ಎರಡು ಮೂರು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿಯು ಬಂದು, ಆರು ತಿಂಗಳು ಇಲ್ಲವೆ ಒಂದು ವರುಷದಲ್ಲಿ ರೋಗವು ವಾಸಿಯಾಗುತ್ತಲಿದೆ. ಈ ಔಷಧವು ಸರಕಾರಿ ದವಾಖಾನೆಗಳಲ್ಲಿ ಧರ್ಮಾರ್ಥ ದೊರೆಯುವದು. ಚಿಕಿತ್ಸೆ ಆರಂಭವಾದ ಕೆಲವೇ ದಿವಸಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ಅಂಟುವ ಭೀತಿಯು ಹೋಗುವದು. ಮೈಮೇಲೆ ಬಣ್ಣಗುಂದಿದ ಮಚ್ಚೆಯೆದ್ದು, ಅಲ್ಲಿ ಮುಟ್ಟಿದರೆ ತಿಳಿಯದೆ ಹೋದರೆ ಮುಚ್ಚಿಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ತಡಮಾಡಿದಷ್ಟೂ ಕೈಕಾಲುಗಳ ಊನವು ಹೆಚ್ಚುವದು.

ಹೀಗೆ ಡೇಮಿಯನ್ನರಿಗೆ ದೊರೆಯದ ಔಷಧವು ಇಂದು ಪ್ರತಿಯೊಂದು ಹಳ್ಳಿಯ ಸಮೀಪಕ್ಕೆ ಬಂದಿದೆ. ಆದರೆ ಅವರಲ್ಲಿದ್ದ ಇನ್ನೊಂದು ಔಷಧವು ದವಾಖಾನೆಯಲ್ಲಿ ದೊರೆಯತಕ್ಕದ್ದಲ್ಲ. ವಾಸಿಯಾಗಿ ಮನೆಗೆ ಬಂದವನಿಗೆ ಪಂಕ್ತಿಯಲ್ಲಿ ಎಲೆ ಹಾಕುವದು, ಅವನ ಮಗಳಿಗೆ ಕಂಕಣಬಲ ಕೂಡಿಸುವದು, ಬೆರಳು ಮೊಂಡಾದ ಕೈಗೂ ತಕ್ಕ ಕಾಯಕವನ್ನು ಕೊಡುವದು, ಜಾತ್ರೆಯ ತೇರಿನ ಹಗ್ಗಕ್ಕೆ ಅವನೂ ಕೈ ಹಚ್ಚುವಂತೆ ಮಾಡುವದು, ಇವು ಊರವರಿಂದಲೇ ಆಗಬೇಕಾದ ಕಾರ್ಯಗಳು. ಡೇಮಿಯನ್ನರು ರೋಗವನ್ನು ಗುಣಪಡಿಸಲಾರದೆ ಹೋದರು, ಅಗಲಿಕೆಯನ್ನು ಗುಣಪಡಿಸಿದರು. ರೋಗವನ್ನು ಗುಣಪಡಿಸುವ ಶಕ್ತಿಯು ಕೈಗೆ ಬಂದ ಈ ಕಾಲದಲ್ಲಿ ಅಗಲಿಕೆಯು ಮಾತ್ರ ಉಳಿದುಕೊಂಡರೆ, ಆ ದೋಷವು ಜೀವಾಣುವಿನದಲ್ಲ. ಸದ್ಭಕ್ತರ ಮನೆಯ ಬಾಗಿಲುಗಳು ಅಂಥವರಿಗಾಗಿ ತೆರೆದಿರಲಿ.